ಆರ್ಡರ್ ಮಾಡುವ ಮುಂಚೆ, ಮಾರುತ್ತಿರುವುದು ಯಾರು ಅಂತ ನೋಡಿ

ನಮ್ಮ ಮನೆಯ ಫ್ಲಾಸ್ಕ್ ಮುಚ್ಚಳದೊಳಗಿನ ರಬ್ಬರ್ ರಿಂಗ್ ಹರಿದುಹೋಗಿತ್ತು. ಫ್ಲಾಸ್ಕ್ ಗಟ್ಟಿಯಾಗೇ ಇತ್ತು, ರಿಂಗ್ ಇಲ್ಲದೆ ನೀರು ಸೋರುತ್ತಿತ್ತು ಅಷ್ಟೆ. ಒಂದು ಆನ್‌ಲೈನ್ ಶಾಪಿಂಗ್ ಸೈಟಿನಲ್ಲಿ ಹುಡುಕಿದೆ, ಮೇಲೇ ಕಾಣಿಸಿತು. ಬೆಲೆ ಜಾಸ್ತಿ ಅನ್ನಿಸಿತು. ಒರಿಜಿನಲ್ ರಿಂಗ್ ಇರಬೇಕು ಅಂದುಕೊಂಡು ಆರ್ಡರ್ ಮಾಡಿದೆ.

ಐದು ದಿನಕ್ಕೆ ಪಾರ್ಸೆಲ್ ಬಂತು. ಅದಕ್ಕೆ ಸುತ್ತಿದ್ದ ಟೇಪಿನ ಮೇಲೆ ಬೇರೆ ಇನ್ನೊಂದು ಶಾಪಿಂಗ್ ಸೈಟಿನ ಹೆಸರು. ಒಳಗೆ ರಿಂಗಿನ ಜೊತೆ ನಾಲ್ಕು ಮಡಿಕೆ ಮಾಡಿದ ಒಂದು ಬಿಲ್. ತಲುಪಿಸಬೇಕಾದ ವಿಳಾಸ ನನ್ನದು. ಕೊಂಡವರ ಹೆಸರು ನನಗೆ ಗೊತ್ತಿಲ್ಲದವರದು. ಬೆಲೆ, ನಾನು ಕೊಟ್ಟದ್ದರ ಅರ್ಧವೂ ಇರಲಿಲ್ಲ. ನನ್ನ ಆರ್ಡರ್ ಬಂದ ಮೇಲೆ ಆ ಸೆಲ್ಲರ್ ಬೇರೆ ಸೈಟಿಗೆ ಹೋಗಿ, ಅದೇ ರಿಂಗನ್ನು ಕೊಂಡು, ನೇರವಾಗಿ ನನ್ನ ವಿಳಾಸಕ್ಕೆ ಕಳಿಸಿದ್ದರು. ರಿಂಗನ್ನು ಅವರು ಕೈಯಲ್ಲಿ ಮುಟ್ಟಿಯೂ ಇರಲಿಲ್ಲ.

ಹೀಗೆ ದುಡ್ಡು ಕಳೆದುಕೊಳ್ಳುವವರು ತುಂಬ ಜನ ಇದ್ದಾರೆ. ಬಿಲ್ ಕೈಗೆ ಸಿಗದೇ ಇದ್ದರೆ ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ಈಗ ಏನೇನು ನೋಡುತ್ತೇನೆ, ಯಾವುದರ ನಂತರ ಯಾವುದು ಅಂತ ಇಲ್ಲಿ ಬರೆದಿದ್ದೇನೆ. ರೂಢಿಯಾದರೆ ಎಲ್ಲ ಸೇರಿ ಐದು ನಿಮಿಷ ಹಿಡಿಯುವುದಿಲ್ಲ.

ಮೊದಲು: ಸೆಲ್ಲರ್ ಹೆಸರು ಓದಿ

ದೊಡ್ಡ ಶಾಪಿಂಗ್ ಸೈಟ್ ನೋಡಲು ಒಂದೇ ಅಂಗಡಿಯ ಹಾಗೆ ಕಾಣುತ್ತದೆ. ನಿಜದಲ್ಲಿ ಅದೊಂದು ಸಂತೆ. ಜಾಗ ಸೈಟಿನದು, ಮಾರುವವರು ಬೇರೆ ಬೇರೆ. ಅಮೆಜಾನ್ ತನ್ನ ಪುಟಗಳಲ್ಲಿ ಹೊರಗಿನ ಮಾರಾಟಗಾರರನ್ನೂ ಅಕ್ಕಪಕ್ಕದಲ್ಲೇ ಕೂರಿಸಿದ್ದು 2000ದಲ್ಲಿ. ಅದಕ್ಕೂ ಮುಂಚೆ, 1999ರಲ್ಲಿ, ಅದರ ವಹಿವಾಟಿನಲ್ಲಿ ಹೊರಗಿನ ಮಾರಾಟಗಾರರ ಪಾಲು ಬರೀ ಶೇ. 3 ಇತ್ತು. 2018ಕ್ಕೆ ಅದು ಶೇ. 58 ಆಗಿತ್ತು ಅಂತ ಕಂಪನಿಯೇ ಹೇಳಿಕೊಂಡಿದೆ. ಅಂದರೆ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಹೊರಗಿನವರದ್ದು. ಬೆಲೆ ಇಡುವುದು ಸೈಟ್ ಅಲ್ಲ, ಆ ಮಾರಾಟಗಾರರು.

ಆದ್ದರಿಂದ ಫೋಟೋ ನೋಡಿದ ಕೂಡಲೇ ಕಣ್ಣು ಬೆಲೆಯ ಮೇಲೆ ಹೋಗುವ ಬದಲು 'ಮಾರಾಟಗಾರರು' ಅನ್ನುವ ಸಾಲಿಗೆ ಹೋಗಲಿ. ಅದು ಸಣ್ಣ ಅಕ್ಷರದಲ್ಲಿ, ಖರೀದಿ ಬಟನ್ನಿನ ಆಸುಪಾಸಿನಲ್ಲಿ ಇರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಸ್ವಲ್ಪ ಕೆಳಗೆ ಸರಿಸಿ ಹುಡುಕಬೇಕಾಗಬಹುದು.

ಒಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಮಾರುವುದು ಬೇರೆ, ಕಳಿಸುವುದು ಬೇರೆ. ಎಷ್ಟೋ ಸೆಲ್ಲರ್‌ಗಳು ತಮ್ಮ ಸಾಮಾನನ್ನು ಸೈಟಿನ ಗೋದಾಮಿನಲ್ಲಿ ಇಟ್ಟಿರುತ್ತಾರೆ. ಆಗ ಪ್ಯಾಕ್ ಮಾಡಿ ಕಳಿಸುವುದು ಸೈಟ್. ಡೆಲಿವರಿ ಬೇಗ ಬರುತ್ತದೆ, ಡಬ್ಬಿಯ ಮೇಲೆ ಸೈಟಿನ ಹೆಸರೇ ಇರುತ್ತದೆ. ಬೆಲೆ ಮಾತ್ರ ಸೆಲ್ಲರ್ ಇಟ್ಟದ್ದೇ. 'ಸೈಟೇ ಕಳಿಸುತ್ತದೆ' ಅಂತ ಬರೆದಿದೆ ಅಂದ ಮಾತ್ರಕ್ಕೆ ಬೆಲೆ ಸರಿಯಾಗಿದೆ ಅಂತ ಅಲ್ಲ.

ಆಮೇಲೆ: ಉಳಿದ ಸೆಲ್ಲರ್‌ಗಳ ಪಟ್ಟಿ ತೆರೆಯಿರಿ

ಒಂದೇ ವಸ್ತುವನ್ನು ಹತ್ತು ಜನ ಮಾರುತ್ತಿದ್ದರೂ ಪುಟ ಒಂದೇ ಇರುತ್ತದೆ. ಖರೀದಿ ಬಟನ್ ಒತ್ತಿದರೆ ಆರ್ಡರ್ ಹೋಗುವುದು ಆ ಹತ್ತರಲ್ಲಿ ಒಬ್ಬರಿಗೆ. ಆ ಒಬ್ಬರು ಯಾರು ಅಂತ ಆರಿಸುವುದು ನೀವಲ್ಲ, ಸೈಟಿನ ಸಾಫ್ಟ್‌ವೇರ್. ಬೆಲೆ, ಡೆಲಿವರಿ ವೇಗ, ಸ್ಟಾಕ್, ಸೆಲ್ಲರ್‌ನ ಹಿಂದಿನ ದಾಖಲೆ ಎಲ್ಲವನ್ನೂ ಅದು ತೂಗುತ್ತದೆ. ಎಲ್ಲರಿಗಿಂತ ಕಡಿಮೆ ಬೆಲೆಯವರೇ ಬಟನ್ನಿನ ಹಿಂದೆ ಇರುತ್ತಾರೆ ಅಂತ ಏನೂ ಇಲ್ಲ.

ಪುಟದಲ್ಲಿ 'ಇತರ ಮಾರಾಟಗಾರರು', 'ಎಲ್ಲ ಸೆಲ್ಲರ್‌ಗಳನ್ನು ನೋಡಿ' ಅನ್ನುವಂಥ ಲಿಂಕ್ ಇರುತ್ತದೆ. ಅದನ್ನು ಒತ್ತಿ. ಹೋಲಿಸುವಾಗ ಡೆಲಿವರಿ ಖರ್ಚು ಸೇರಿಸಿದ ಒಟ್ಟು ಮೊತ್ತ ಹಿಡಿಯಿರಿ. ವಸ್ತುವಿನ ಬೆಲೆ ತೀರಾ ಕಡಿಮೆ ತೋರಿಸಿ, ಡೆಲಿವರಿಯಲ್ಲಿ ಎಲ್ಲವನ್ನೂ ವಸೂಲಿ ಮಾಡುವವರು ಇದ್ದಾರೆ.

ಬಣ್ಣ, ಸೈಜ್ ಬದಲಿಸಿದಾಗ ಸೆಲ್ಲರ್ ಕೂಡ ಬದಲಾಗಬಹುದು. ಕಪ್ಪು ಬಣ್ಣದ್ದು ಕಂಪನಿಯೇ ಮಾರುತ್ತಿರುತ್ತದೆ, ನೀಲಿ ಒತ್ತಿದ ಕೂಡಲೇ ಇನ್ಯಾರೋ. ಪುಟ, ಫೋಟೋ, ರಿವ್ಯೂ ಎಲ್ಲ ಹಾಗೇ ಇರುವುದರಿಂದ ಇದು ಗಮನಕ್ಕೆ ಬರುವುದೇ ಇಲ್ಲ. ಬಣ್ಣ ಆರಿಸಿದ ಮೇಲೆ ಇನ್ನೊಮ್ಮೆ ಸೆಲ್ಲರ್ ಸಾಲು ನೋಡಿ.

ಹುಚ್ಚು ಬೆಲೆಗಳು ಎಲ್ಲಿಂದ ಬರುತ್ತವೆ

ಇದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2011ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ ನೊಣದ ಬೆಳವಣಿಗೆಯ ಬಗೆಗಿನ ಒಂದು ಹಳೇ ಜೀವಶಾಸ್ತ್ರ ಪುಸ್ತಕದ ಹೊಸ ಪ್ರತಿಯ ಬೆಲೆ 2 ಕೋಟಿ 36 ಲಕ್ಷ ಡಾಲರ್ ದಾಟಿತ್ತು. ಜೊತೆಗೆ ಡೆಲಿವರಿಗೆ 3.99 ಡಾಲರ್ ಬೇರೆ. ಮೈಕೆಲ್ ಐಸೆನ್ ಅನ್ನುವ ಜೀವವಿಜ್ಞಾನಿ ದಿನಾ ಆ ಬೆಲೆಗಳನ್ನು ಬರೆದಿಟ್ಟುಕೊಂಡು ಲೆಕ್ಕ ಹಾಕಿದರು. ಹೊಸ ಪ್ರತಿ ಮಾರುತ್ತಿದ್ದವರು ಇಬ್ಬರು. ಇಬ್ಬರ ಬೆಲೆಯನ್ನೂ ಸಾಫ್ಟ್‌ವೇರ್ ಇಡುತ್ತಿತ್ತು. ಒಬ್ಬರದು, ಎದುರಾಳಿಯ ಬೆಲೆಯನ್ನು 0.9983ರಿಂದ ಗುಣಿಸಿ, ಕೂದಲೆಳೆಯಷ್ಟು ಕಡಿಮೆ ಇಡುತ್ತಿತ್ತು. ಇನ್ನೊಬ್ಬರದು, ಮೊದಲನೆಯವರ ಬೆಲೆಯನ್ನು 1.270589ರಿಂದ ಗುಣಿಸಿ ಮೇಲೆ ಇಡುತ್ತಿತ್ತು. ಎರಡನ್ನೂ ಗುಣಿಸಿ ನೋಡಿ, ಒಂದು ಸುತ್ತು ಮುಗಿಯುವಾಗ ಬೆಲೆ ಸುಮಾರು ಶೇ. 27 ಏರಿರುತ್ತದೆ. ಹೀಗೆ ದಿನಾ ಏರುತ್ತಾ ಹೋಯಿತು. ಯಾರೂ ಕೂತು ನೋಡುತ್ತಿರಲಿಲ್ಲ.

ಎರಡನೆಯವರು ಯಾಕೆ ಜಾಸ್ತಿ ಬೆಲೆ ಇಡುತ್ತಿದ್ದರು? ಅವರ ಕೈಯಲ್ಲಿ ಪುಸ್ತಕವೇ ಇರಲಿಲ್ಲ ಅನ್ನುವುದು ಐಸೆನ್ ಅವರ ಊಹೆ. ಆರ್ಡರ್ ಬಂದರೆ ಮೊದಲನೆಯವರಿಂದ ಕೊಂಡು ಕಳಿಸುವುದು, ನಡುವಿನ ದುಡ್ಡು ಲಾಭ. ನನ್ನ ರಿಂಗಿನ ಕತೆಯೂ ಇದೇ ಅಲ್ವಾ?

ಆ ಪುಟದ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಅದೇ ಪುಸ್ತಕದ ಬಳಸಿದ ಪ್ರತಿಗಳು ಅದೇ ಪುಟದಲ್ಲಿ ಸುಮಾರು 35 ಡಾಲರ್‌ನಿಂದ ಸಿಗುತ್ತಿದ್ದವು. ಉಳಿದ ಪ್ರತಿಗಳ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಬೆಲೆ ಏರುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಸ್ಟಾಕ್ ಮುಗಿದಾಗ ಪುಟವನ್ನು ತೆಗೆಯುವ ಬದಲು, ಯಾರೂ ಕೊಳ್ಳದಿರಲಿ ಅಂತ ಮೂರು ಪಟ್ಟು ಬೆಲೆ ಹಾಕಿಡುವ ಸೆಲ್ಲರ್‌ಗಳಿದ್ದಾರೆ. ಸಾಮಾನು ಬಂದ ಮೇಲೆ ಮತ್ತೆ ಇಳಿಸುತ್ತಾರೆ. ದೊಡ್ಡ ಸೆಲ್ಲರ್ ಹತ್ತಿರ ಖಾಲಿಯಾದಾಗ, ಅಲ್ಲಿಯವರೆಗೆ ಹಿಂದೆ ಇದ್ದ ದುಬಾರಿ ಸೆಲ್ಲರ್ ತಾನಾಗಿಯೇ ಬಟನ್ನಿಗೆ ಬರುತ್ತಾರೆ. ನಿನ್ನೆ ನೋಡಿದ ವಸ್ತು ಇವತ್ತು ಎರಡು ಪಟ್ಟಾಗಿದೆ ಅಂದರೆ ಬಹಳ ಸಲ ಬೆಲೆ ಏರಿಲ್ಲ, ಸೆಲ್ಲರ್ ಬದಲಾಗಿದ್ದಾರೆ.

ಇನ್ನು ಜನರ ಕಷ್ಟದ ಸಮಯ ನೋಡಿ ಬೇಕಂತಲೇ ಏರಿಸುವವರು. 2020ರ ಮಾರ್ಚ್‌ನಲ್ಲಿ ಮಾಸ್ಕ್, ಸ್ಯಾನಿಟೈಸರ್‌ಗೆ ಏನಾಯಿತು ಅಂತ ನೆನಪಿದೆಯಲ್ಲ. ಆ ತಿಂಗಳು ಅಮೆಜಾನ್ 5 ಲಕ್ಷಕ್ಕೂ ಮೇಲ್ಪಟ್ಟು ದುಬಾರಿ ಆಫರ್‌ಗಳನ್ನು ತೆಗೆದುಹಾಕಿದ್ದಾಗಿ, ಅಮೆರಿಕದ ಸೈಟಿನಲ್ಲೇ 3,900ಕ್ಕೂ ಹೆಚ್ಚು ಸೆಲ್ಲರ್ ಖಾತೆಗಳನ್ನು ಅಮಾನತು ಮಾಡಿದ್ದಾಗಿ ಹೇಳಿತು. ತೆಗೆಯುವ ಮುಂಚೆ ಎಷ್ಟು ಜನ ಆ ಬೆಲೆ ಕೊಟ್ಟು ಕೊಂಡಿರಬೇಕು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಹೆದರಿದವರು ಬೆಲೆ ನೋಡುವುದಿಲ್ಲ.

ಒಂದಕ್ಕೆ ಎಷ್ಟಾಯಿತು ಅಂತ ಲೆಕ್ಕ ಹಾಕಿ

ನಾಲ್ಕರ ಪ್ಯಾಕ್, ಆರರ ಪ್ಯಾಕ್, ಒಂದೇ ಒಂದು. ಎಲ್ಲದಕ್ಕೂ ಫೋಟೋ ಒಂದೇ ಥರ ಇರುತ್ತದೆ. ಪ್ಯಾಕ್ ದೊಡ್ಡದಾದ ಕೂಡಲೇ ಅಗ್ಗ ಅಂತ ನಮ್ಮ ಮನಸ್ಸು ತಾನೇ ತೀರ್ಮಾನ ಮಾಡಿಬಿಡುತ್ತದೆ. ಎರಡು ಬಿಡಿ ಪೊಟ್ಟಣಗಳನ್ನು ಸೇರಿಸಿ 'ಎರಡರ ಪ್ಯಾಕ್' ಅಂತ ಹೊಸ ಪುಟ ಮಾಡಿ, ಬಿಡಿಯಾಗಿ ಕೊಂಡದ್ದಕ್ಕಿಂತ ಜಾಸ್ತಿ ಬೆಲೆಗೆ ಮಾರುವುದು ಇಲ್ಲಿ ಮಾಮೂಲು. ಹೊಸ ಪುಟದಲ್ಲಿ ಬೇರೆ ಸೆಲ್ಲರ್‌ಗಳು ಇರುವುದಿಲ್ಲ, ಹೋಲಿಸಲು ಏನೂ ಸಿಗುವುದಿಲ್ಲ. ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ. ಗ್ರಾಂ, ಮಿಲಿಲೀಟರ್, ಸಂಖ್ಯೆ, ಯಾವುದು ಹೊಂದುತ್ತದೋ ಅದರಿಂದ.

ಮಾಡೆಲ್ ನಂಬರ್ ಹಿಡಿದು ಹೊರಗೆ ಹುಡುಕಿ

ಒಂದು ಸೈಟಿನ ಒಳಗೇ ಎಷ್ಟು ಹೋಲಿಸಿದರೂ ಸಾಲದು. ಅಲ್ಲಿ ಎಲ್ಲರೂ ದುಬಾರಿ ಇರಬಹುದು. ಹೊರಗೆ ಹುಡುಕುವಾಗ ಪುಟದ ಉದ್ದನೆಯ ಶೀರ್ಷಿಕೆಯನ್ನು ಕಾಪಿ ಮಾಡಬೇಡಿ. ಅದನ್ನು ಸೆಲ್ಲರ್ ಬರೆದಿರುತ್ತಾರೆ, ಹುಡುಕಿದರೆ ಅವರದೇ ಪುಟ ಮತ್ತೆ ಬರುತ್ತದೆ. ಬದಲಿಗೆ ಮಾಡೆಲ್ ನಂಬರ್ ತೆಗೆದುಕೊಳ್ಳಿ. ಅದು ವಿವರಗಳ ಪಟ್ಟಿಯಲ್ಲಿ ಇರುತ್ತದೆ, ಇಲ್ಲದಿದ್ದರೆ ಪ್ಯಾಕಿನ ಫೋಟೋ ದೊಡ್ಡದು ಮಾಡಿದರೆ ಕಾಣಬಹುದು. ಬಾರ್‌ಕೋಡ್ ಕೆಳಗಿನ 12 ಅಥವಾ 13 ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು. ಪುಸ್ತಕಕ್ಕಾದರೆ 13 ಅಂಕಿಯ ಐಎಸ್‌ಬಿಎನ್. ಈ ನಂಬರ್ ಹೊಂದಿದರೆ ವಸ್ತು ಅದೇ, ಅನುಮಾನ ಬೇಡ.

ಮೊದಲು ಹೋಗಬೇಕಾದ್ದು ತಯಾರಿಸಿದ ಕಂಪನಿಯ ವೆಬ್‌ಸೈಟಿಗೆ. ಬಿಡಿಭಾಗಗಳ ವಿಷಯದಲ್ಲಿ ಇದನ್ನು ಖಂಡಿತ ಮಾಡಿ. ರಿಂಗ್, ಫಿಲ್ಟರ್, ಚಾರ್ಜರ್, ರಿಮೋಟ್, ಹೆಡ್‌ಫೋನಿನ ಮೆತ್ತೆ, ಇಂಥವನ್ನು ಕಂಪನಿ ತಾನೇ ಕಡಿಮೆ ಬೆಲೆಗೆ ಕಳಿಸುತ್ತಿರುತ್ತದೆ. ಜನ ಅಲ್ಲಿಗೆ ಹೋಗುವುದಿಲ್ಲ ಅನ್ನುವುದೇ ದುಬಾರಿ ಸೆಲ್ಲರ್‌ಗಳ ಬಂಡವಾಳ. ಕಂಪನಿ ಸೈಟಿನಲ್ಲಿ ಆ ವಸ್ತು ಖಾಲಿಯಾಗಿದ್ದರೂ ಬೆಲೆ ಬರೆದಿರುತ್ತದೆ. ಆ ಸಂಖ್ಯೆ ಗುರುತು ಮಾಡಿಕೊಳ್ಳಿ. ನಿಮ್ಮ ಕೈಯಲ್ಲಿ ಈಗ ಒಂದು ಅಳತೆಗೋಲು ಇದೆ.

ಹೆಸರಿಲ್ಲದ ಬ್ರಾಂಡ್ ಆದರೆ ಫೋಟೋದಿಂದ ಹುಡುಕಿ. ಗೂಗಲ್ ಲೆನ್ಸ್‌ಗೆ ಫೋಟೋ ಕೊಟ್ಟರೆ, ಅದೇ ವಸ್ತು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಬೆಲೆಯಲ್ಲಿ ಸಾಲಾಗಿ ಕಾಣಿಸುತ್ತದೆ.

ಗೆರೆ ಎಳೆದ ಬೆಲೆಯನ್ನು ಬಿಟ್ಟು, ಹಳೇ ಬೆಲೆ ನೋಡಿ

ದೊಡ್ಡ ಸಂಖ್ಯೆಯೊಂದನ್ನು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಂಖ್ಯೆ ಬರೆದಿರುತ್ತಾರೆ. ಆ ದೊಡ್ಡ ಬೆಲೆಗೆ ಅದನ್ನು ಯಾರಾದರೂ ಎಂದಾದರೂ ಕೊಂಡಿದ್ದಾರಾ? ಬಹಳ ಸಲ ಇಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಒಂದು ನಿಯಮ ಮಾಡಿದ್ದಾರೆ, 2022ರ ಮೇ 28ರಿಂದ ಜಾರಿಯಲ್ಲಿದೆ. ರಿಯಾಯಿತಿ ಅಂತ ಸಾರಿದರೆ, ಅದಕ್ಕೂ ಹಿಂದಿನ ಕನಿಷ್ಠ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನು ಹಳೇ ಬೆಲೆ ಅಂತ ತೋರಿಸಬೇಕು. ಆ ನಿಯಮ ಇಲ್ಲದ ಕಡೆ ಈ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ಅದಕ್ಕೆ ಸಾಧನಗಳಿವೆ. ಅಮೆಜಾನ್‌ನ ವಸ್ತುಗಳಿಗೆ ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಅನ್ನುವ ಸೈಟುಗಳು ಹಳೇ ಬೆಲೆಗಳ ಗ್ರಾಫ್ ತೋರಿಸುತ್ತವೆ. ಪುಟದ ಲಿಂಕ್ ಹಾಕಿದರೆ ಸಾಕು. ಗ್ರಾಫಿನಲ್ಲಿ ಎರಡು ವಿಷಯ ನೋಡಿ. ಗೆರೆ ವರ್ಷವಿಡೀ ಒಂದು ಮಟ್ಟದಲ್ಲಿದ್ದು ಈಗ ಮಾತ್ರ ಗೋಪುರದ ಹಾಗೆ ಎದ್ದಿದ್ದರೆ, ಸ್ಟಾಕ್ ಇಲ್ಲದ ಸಮಯಕ್ಕೆ ಸರಿಯಾಗಿ ನೀವು ಬಂದಿದ್ದೀರಿ. ಕಾಯಿರಿ. ಎಷ್ಟೋ ತಿಂಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದರೆ, ಅದು ನಿಜವಾಗಿಯೇ ಸಿಗದಾಗುತ್ತಿರುವ ವಸ್ತು. ಕಾದರೆ ಪ್ರಯೋಜನ ಕಡಿಮೆ.

ಇಂಥ ಗ್ರಾಫ್ ಸಿಗದ ಸೈಟುಗಳಲ್ಲಿ ನಾನು ವಸ್ತುವನ್ನು ಕಾರ್ಟ್‌ಗೆ ಅಥವಾ ವಿಶ್‌ಲಿಸ್ಟ್‌ಗೆ ಹಾಕಿ, ಒಂದು ಸ್ಕ್ರೀನ್‌ಶಾಟ್ ತೆಗೆದು ಬಿಡುತ್ತೇನೆ. ಒಂದು ವಾರ ಬಿಟ್ಟು ಹೋಲಿಸುತ್ತೇನೆ. ಬೆಲೆ ಇಳಿದರೆ ತಿಳಿಸುವ ಸೌಲಭ್ಯ ಇದ್ದರೆ ಆನ್ ಮಾಡಿಡಿ.

ಸೆಲ್ಲರ್ ಬಗ್ಗೆ ಜನ ಏನಂದಿದ್ದಾರೆ

ವಸ್ತುವಿನ ಕೆಳಗಿರುವ ನಕ್ಷತ್ರಗಳು ವಸ್ತುವಿಗೆ ಕೊಟ್ಟವು. ಸೆಲ್ಲರ್‌ಗೆ ಅಲ್ಲ. ಸೆಲ್ಲರ್ ಹೆಸರನ್ನು ಒತ್ತಿದರೆ ಅವರದೇ ಪುಟ ತೆರೆಯುತ್ತದೆ, ಅಲ್ಲಿ ಬೇರೆ ರೇಟಿಂಗ್ ಇರುತ್ತದೆ. ಒಟ್ಟು ರೇಟಿಂಗ್ ನೋಡಿ ಸುಮ್ನೆ ಬರಬೇಡಿ. ಇತ್ತೀಚಿನ ಕೆಟ್ಟ ರಿವ್ಯೂಗಳನ್ನು ಓದಿ. 'ಬೇರೆ ಸೈಟಿನ ಡಬ್ಬಿಯಲ್ಲಿ ಬಂತು', 'ಹೇಳಿದ್ದಕ್ಕಿಂತ ಎರಡು ವಾರ ತಡ', 'ಸ್ಟಾಕ್ ಇಲ್ಲ ಅಂತ ಅವರೇ ಕ್ಯಾನ್ಸಲ್ ಮಾಡಿದರು'. ಇಂಥ ಮಾತುಗಳು ಮತ್ತೆ ಮತ್ತೆ ಬಂದರೆ ಸಾಮಾನು ಅವರ ಹತ್ತಿರ ಇಲ್ಲ. ಇನ್ನೊಬ್ಬರಿಂದ ಕೊಂಡು ಕಳಿಸುವ ಮಂದಿ ಅವರು.

ಒಬ್ಬರೇ ಸೆಲ್ಲರ್ ಬೂಟು, ಔಷಧದ ಡಬ್ಬಿ, ಕಾರಿನ ಬಿಡಿಭಾಗ, ಮಕ್ಕಳ ಆಟಿಕೆ ಎಲ್ಲವನ್ನೂ ಒಂದೊಂದೇ ಮಾರುತ್ತಿದ್ದರೂ ಇದೇ ಅನುಮಾನ ಬರಬೇಕು.

ಜಾಸ್ತಿ ಬೆಲೆ ಎಲ್ಲ ಮೋಸ ಅಲ್ಲ

ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಸಣ್ಣ ಸೆಲ್ಲರ್ ಸೈಟಿಗೆ ಕಮಿಷನ್ ಕೊಡಬೇಕು, ಎಷ್ಟೋ ವಿಭಾಗಗಳಲ್ಲಿ ಅದು ಬೆಲೆಯ ಶೇ. 15ರ ಆಸುಪಾಸು ಇರುತ್ತದೆ. ಗೋದಾಮಿನ ಬಾಡಿಗೆ ಬೇರೆ, ಜಾಹೀರಾತು ಬೇರೆ. ಗಿರಾಕಿ ವಾಪಸ್ ಕಳಿಸಿದ ಸಾಮಾನಿನ ನಷ್ಟವೂ ಅವರ ಮೇಲೇ ಬೀಳುತ್ತದೆ. ತಯಾರಿಕೆ ನಿಂತುಹೋದ ಹಳೇ ಮಾಡೆಲ್‌ನ ಭಾಗವನ್ನು ಹುಡುಕಿ ತಂದು, ವರ್ಷಗಟ್ಟಲೆ ಇಟ್ಟುಕೊಂಡು, ಕೇಳಿದವರಿಗೆ ಕೊಡುವವರು ಒಂದು ಸೇವೆಯನ್ನೇ ಮಾಡುತ್ತಿದ್ದಾರೆ. ಅವರಿಗೆ ಎರಡು ಪಟ್ಟು ಕೊಟ್ಟರೂ ನನಗೆ ಬೇಜಾರಿಲ್ಲ. ಹೊಸ ಯಂತ್ರ ಕೊಳ್ಳುವುದು ತಪ್ಪುತ್ತದೆ.

ಹಾಗಾದರೆ ಯಾವುದಕ್ಕೆ ಕೊಡಬೇಕು? ನಾನು ಕೇಳಿಕೊಳ್ಳುವುದು ಒಂದೇ. ಇದು ಬೇರೆ ಕಡೆ ಸಿಗುತ್ತದಾ? ಸಿಗದಿದ್ದರೆ, ಸೆಲ್ಲರ್ ತಮ್ಮ ಹತ್ತಿರ ಇರುವ ವಸ್ತುವಿನ ಸ್ವಂತ ಫೋಟೋ ಹಾಕಿದ್ದರೆ, ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟರೆ, ಕೊಂಡುಬಿಡಿ. 'ಈ ರಿಂಗಿನ ಹೊರ ಅಗಲ ಎಷ್ಟು ಮಿಲಿಮೀಟರ್?' ಅಂತ ಬರೆದು ಕೇಳಿ ನೋಡಿ. ಸಾಮಾನು ಕೈಯಲ್ಲಿ ಇರುವವರು ಅಳೆದು ಹೇಳುತ್ತಾರೆ. ಇಲ್ಲದವರು ಪುಟದಲ್ಲಿ ಇರುವುದನ್ನೇ ಮತ್ತೆ ಬರೆದು ಕಳಿಸುತ್ತಾರೆ.

ದುಡ್ಡು ಕಟ್ಟುವ ಪುಟದಲ್ಲಿ ಕೊನೆಯ ನೋಟ

ಕಾರ್ಟ್‌ನಲ್ಲಿ ನಾಲ್ಕು ದಿನ ಇದ್ದ ವಸ್ತುವಿನ ಬೆಲೆ ಬದಲಾಗಿರಬಹುದು. ಒಟ್ಟು ಮೊತ್ತ, ಡೆಲಿವರಿ ಖರ್ಚು, ಸೆಲ್ಲರ್ ಹೆಸರು, ಎಷ್ಟು ಸಂಖ್ಯೆ, ಇಷ್ಟನ್ನು ಓದಿ. ರಿಟರ್ನ್ ಎಷ್ಟು ದಿನ, ವಾಪಸ್ ಕಳಿಸುವ ಖರ್ಚು ಯಾರದು ಅಂತಲೂ ನೋಡಿ. ಸೆಲ್ಲರ್ ಬೇರೆ ದೇಶದಲ್ಲಿದ್ದರೆ ವಾಪಸ್ ಕಳಿಸುವ ಖರ್ಚು ವಸ್ತುವಿನ ಬೆಲೆಗಿಂತ ಜಾಸ್ತಿಯಾಗಬಹುದು, ಮೇಲೆ ಕಸ್ಟಮ್ಸ್ ಸುಂಕ ಬೇರೆ.

ಈಗಾಗಲೇ ಕೊಂಡುಬಿಟ್ಟಿದ್ದರೆ

ಪಾರ್ಸೆಲ್ ಇನ್ನೂ ಹೊರಟಿಲ್ಲವಾದರೆ ಈಗಲೇ ಕ್ಯಾನ್ಸಲ್ ಮಾಡಿ. ಗಂಟೆಗಳ ಲೆಕ್ಕ ಇದು, ನಾಳೆಗೆ ಇಡಬೇಡಿ. ಹೊರಟಿದ್ದರೆ ಬಂದ ಮೇಲೆ ಡಬ್ಬಿ, ಟೇಪ್, ಒಳಗಿನ ಬಿಲ್ ಎಲ್ಲದರ ಫೋಟೋ ತೆಗೆಯಿರಿ. ವಸ್ತುವನ್ನು ಬಳಸಬೇಡಿ. ರಿಟರ್ನ್ ಅವಧಿ ಮುಗಿಯುವ ಮೊದಲು ವಾಪಸ್ ಹಾಕಿ, ಕಡಿಮೆ ಬೆಲೆಯದನ್ನು ಕೊಳ್ಳಿ. ಕಾರಣ ಕೇಳುವ ಜಾಗದಲ್ಲಿ 'ಕಡಿಮೆ ಬೆಲೆಗೆ ಸಿಕ್ಕಿತು' ಅನ್ನುವ ಆಯ್ಕೆ ಇದ್ದರೆ ಅದನ್ನೇ ಕೊಡಿ. ವಸ್ತು ಕೆಟ್ಟಿದೆ ಅಂತ ಸುಳ್ಳು ಬರೆಯಬೇಡಿ.

ಬ್ಯಾಂಕಿಗೆ ಹೋಗಿ ಕಾರ್ಡಿನ ದುಡ್ಡು ವಾಪಸ್ ಕೇಳುವುದು ಇಲ್ಲಿ ನಡೆಯುವುದು ಕಷ್ಟ. ಆ ದಾರಿ ಇರುವುದು ಸಾಮಾನು ಬಾರದಿದ್ದಾಗ, ಹೇಳಿದ್ದು ಒಂದು ಬಂದದ್ದು ಒಂದು ಆದಾಗ. ಬೆಲೆ ಜಾಸ್ತಿಯಾಯಿತು ಅನ್ನುವುದು ಅದಕ್ಕೆ ಕಾರಣ ಆಗುವುದಿಲ್ಲ, ಏಕೆಂದರೆ ಆ ಬೆಲೆಗೆ ಒಪ್ಪಿದ್ದು ನಾವೇ.

ಸೈಟಿಗೆ ದೂರು ಕೊಡಿ. 'ಬೆಲೆ ಸರಿಯಿಲ್ಲ', 'ಸಮಸ್ಯೆ ತಿಳಿಸಿ' ಅನ್ನುವ ಲಿಂಕ್ ಹೆಚ್ಚಿನ ಪುಟಗಳಲ್ಲಿ ಕೆಳಗೆ ಇರುತ್ತದೆ. ಇನ್ನೊಂದು ಶಾಪಿಂಗ್ ಸೈಟಿನಿಂದ ಕೊಂಡು ಅದರ ಡಬ್ಬಿಯಲ್ಲೇ ಕಳಿಸುವುದನ್ನು ಅಮೆಜಾನ್, ಈಬೇ ಎರಡರ ನಿಯಮಗಳೂ ಒಪ್ಪುವುದಿಲ್ಲ. ಹಾಗಾಗಿ ಡಬ್ಬಿಯ ಫೋಟೋಗೆ ತೂಕ ಇದೆ. ಆಮೇಲೆ ರಿವ್ಯೂ ಬರೆಯುವಾಗ ಸೆಲ್ಲರ್‌ನ ಪುಟದಲ್ಲಿ ಬರೆಯಿರಿ. ವಸ್ತುವಿನ ಕೆಳಗೆ ಬರೆದರೆ ಅದನ್ನು ತಯಾರಿಸಿದವರಿಗೆ ಕೆಟ್ಟ ಹೆಸರು, ದುಬಾರಿಗೆ ಮಾರಿದವರಿಗೆ ಏನೂ ಆಗುವುದಿಲ್ಲ.

ನನ್ನ ರಿಂಗನ್ನು ನಾನು ವಾಪಸ್ ಹಾಕಿದೆ. ಕಂಪನಿಯ ವೆಬ್‌ಸೈಟಿನಲ್ಲಿ 'ಬಿಡಿಭಾಗಗಳು' ಅಂತ ಒಂದು ಪುಟ ಇತ್ತು, ಮಾಡೆಲ್ ನಂಬರ್ ಫ್ಲಾಸ್ಕಿನ ತಳದಲ್ಲೇ ಕೆತ್ತಿತ್ತು. ಆ ಬಿಲ್ಲಿನಲ್ಲಿ ಇದ್ದದ್ದಕ್ಕಿಂತಲೂ ಕಡಿಮೆ ಬೆಲೆಗೆ ಎರಡು ರಿಂಗ್ ಬಂದವು. ಒಂದು ಮುಚ್ಚಳದಲ್ಲಿದೆ, ಇನ್ನೊಂದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.